ಮೇಸ್ತ್ರಿಯ ಮಂಡಿ

ನನ್ನ ಗೆಳೆಯ ಟೈಲ್ಸ್ ಮೇಸ್ತ್ರಿ, ನಾನು ಪೇಂಟರ್. ಈ ಪರದೇಶಕ್ಕೆ ಒಂದೇ ವಿಮಾನದಲ್ಲಿ ಬಂದವರು. ಎಂಟು ವರ್ಷದಿಂದ ಒಂದೇ ರೂಮು, ಒಂದೇ ಒಲೆ, ದಿನಕ್ಕೊಂದು ಜಗಳ. ಅವನನ್ನು ಎಲ್ಲರೂ ಕರೆಯೋದು ರಸಮಟ್ಟ ಅಂತ. ನೆಲ ಮಟ್ಟವಾಗಿದೆಯಾ ಅಂತ ನೋಡುವ ಆ ಸಾಧನ ಅವನ ಜೇಬು ಬಿಟ್ಟು ಕದಲೋದೇ ಇಲ್ಲ. ಯಾರ ಮನೆಗೆ ಹೋದರೂ ಮೊದಲು ನೆಲ ನೋಡ್ತಾನೆ, ಆಮೇಲೆ ಮನುಷ್ಯರನ್ನ. "ನಿಮ್ಮ ಬಚ್ಚಲು ಸೊಟ್ಟ" ಅಂತ ಮುಖಕ್ಕೇ ಹೇಳಿಬಿಡ್ತಾನೆ. ಅಂಥವನಿಗೆ ಆ ಮನೇಲಿ ಒಂದು ಲೋಟ ನೀರು ಸಿಕ್ಕರೆ ದೊಡ್ಡದು!

ಈ ಆಸಾಮಿ ಕೆಲಸದ ಜಾಗದಲ್ಲಿ ಮೆಟ್ಟಿಲಿಂದ ಜಾರಿ ಎಡಗಾಲಿನ ಮಂಡಿಚಿಪ್ಪು ಒಡೆದುಕೊಂಡ. ಆಪರೇಷನ್ ಆಯ್ತು. ಆರು ವಾರದಲ್ಲಿ ಮೂಳೆಯೇನೋ ಕೂಡಿತು, ಮಂಡಿ ಮಾತ್ರ ಕೊರಡಿನ ಹಾಗೆ ಬಿಗಿದುಕೊಂಡಿತು. ವ್ಯಾಯಾಮ ಮಾಡಿಸೋ ಥೆರಪಿ ಮೇಡಂ ನನ್ನನ್ನ ಪಕ್ಕಕ್ಕೆ ಕರೆದು, "ಶುಕ್ರವಾರದೊಳಗೆ ತೊಂಬತ್ತು ಡಿಗ್ರಿ ಬಾಗಬೇಕು. ಇಲ್ಲದಿದ್ರೆ ಮತ್ತೆ ಆಪರೇಷನ್. ಆಮೇಲೂ ಬಾಗುತ್ತೆ ಅಂತ ನಾನು ಮಾತು ಕೊಡಲಾರೆ" ಅಂದರು. ಮಂಡಿ ಬಾಗದ ಟೈಲ್ಸ್ ಮೇಸ್ತ್ರಿ ಎಲ್ಲಾದರೂ ಉಂಟಾ?

ಕೆಲಸ ಮುಗಿದ ತಕ್ಷಣ ದಿನಾ ಆಸ್ಪತ್ರೆಗೆ ಓಡುತ್ತಿದ್ದೆ. ಗಡ್ಡ ಕೆರೆಯೋದು, ಉಗುರು ಕತ್ತರಿಸೋದು, ದಿಂಬು ಮೇಲೆ ಮಾಡೋದು, ಆಮೇಲೆ ಕೆಳಗೆ ಮಾಡೋದು. ಅವನಿಗೆ ಇಲ್ಲಿಯ ಭಾಷೆ ಅಷ್ಟಕ್ಕಷ್ಟೇ. ಮೇಡಂ ಕಾಲು ಮುಟ್ಟಿದರೆ ಸಾಕು, ಅವನ ಬಾಯಿಂದ ಸಹಸ್ರನಾಮ. "ಏನಂತಾರೆ?" ಅಂತ ಅವರು ಕೇಳಿದರೆ, "ನಿಮ್ಮ ಉಪಕಾರ ಮರೆಯಲ್ವಂತೆ" ಅಂತ ನಾನು ಹೇಳುತ್ತಿದ್ದೆ.

ಗುರುವಾರದವರೆಗೂ ಮಂಡಿ ಎಪ್ಪತ್ತು ದಾಟಲಿಲ್ಲ. "ನನ್ನ ಕಥೆ ಮುಗೀತು ಕಣೋ. ಕೂತು ಉಣ್ಣೋನಾಗಿ ಹೆಂಡ್ತಿಗೆ ಯಾವ ಮುಖ ತೋರಿಸ್ಲಿ?" ಅಂದ. ಬೈಯೋಣ ಅಂತ ಹೊರಟವನು ಅವನ ದಿಂಬು ಸರಿಮಾಡಿದೆ. ನನಗೂ ಭಯವಾಗಿತ್ತು.

ಶುಕ್ರವಾರ ರಜೆ ಹಾಕಿ, ಕೆಲಸದ ಜಾಗದಲ್ಲಿ ಉಳಿದಿದ್ದ ಆರು ಟೈಲ್ಸ್ ಚೀಲಕ್ಕೆ ತುಂಬಿಕೊಂಡು ಹೋದೆ. ಅವನ ಮುಂದೆ ಜೋಡಿಸ್ತೀನಿ ಅಂದಾಗ ಮೇಡಂ ಒಪ್ಪಿದರು. ವ್ಯಾಯಾಮದ ಕೋಣೇಲಿ ರಟ್ಟು ಹಾಸಿ ಜೋಡಿಸಿದೆ. ಅವನನ್ನ ಕೆಣಕೋಕೆ ಬೇಕಂತಲೇ ಸೊಟ್ಟಗಿಟ್ಟೆ ಅಂತ ಈಗಲೂ ಎಲ್ಲರ ಹತ್ತಿರ ಕೊಚ್ಚಿಕೊಳ್ತೀನಿ. ಸುಳ್ಳು. ಕಣ್ಣಿಗೆ ಹಬ್ಬವಾಗಲಿ ಅಂತ ನೆಟ್ಟಗೇ ಇಡೋಕೆ ಹೋಗಿದ್ದೆ!

ರಸಮಟ್ಟನನ್ನು ತಂದು ಎದುರಿಗೆ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದೆವು. ಕಾಲು ಮುಂದಕ್ಕೆ ಚಾಚಿಕೊಂಡೇ ಒಂದು ಗಳಿಗೆ ನೋಡಿದ. "ಥೂ ನಿನ್ನ! ಇದೇನೋ ಇದು? ಕೋಳಿ ಕೆದರಿದ ಹಾಗಿದೆ!"

ನನ್ನನ್ನ ತಳ್ಳಿ, ಕಾಲು ಒಳಗೆಳೆದುಕೊಂಡು ಬಗ್ಗಿದ. ಒಂದು ಸರಿ ಮಾಡಿದ. ಹಲ್ಲು ಕಚ್ಚಿ ಎರಡನೇದು, ಮೂರನೇದು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮೇಡಂ ಮಂಡಿ ಪಕ್ಕ ಡಿಗ್ರಿ ಅಳೆಯೋ ಪಟ್ಟಿ ಹಿಡಿದು ಕೂತರು. ಐದಾಯ್ತು. ಆರನೇದು ಸ್ವಲ್ಪ ದೂರ, ಕೈಗೆ ಎಟುಕಲಿಲ್ಲ.

"ಆಗಲ್ಲ ಕಣೋ" ಅಂದ.

"ಹೋಗ್ಲಿ ಬಿಡು, ಅದನ್ನ ನಾನೇ ಇಡ್ತೀನಿ" ಅಂತ ಕೈ ಚಾಚಿದೆ.

"ಮುಟ್ಟಿದ್ರೆ ನೋಡು!" ಅಂತ ಕೂಗಿ, ನನ್ನ ಭುಜ ಅದುಮಿ ಹಿಡಿದು ಬಗ್ಗೇಬಿಟ್ಟ. ಟೈಲ್ ತನ್ನ ಜಾಗಕ್ಕೆ ಕೂತಿತು.

"ತೊಂಬತ್ತೆರಡು" ಅಂದರು ಮೇಡಂ.

ಅಂಕಿ ಮಾತ್ರ ಅವನಿಗೆ ಚೆನ್ನಾಗಿ ಬರುತ್ತೆ. ನನ್ನ ಮುಖ ನೋಡಿದ, ಮಂಡಿ ನೋಡಿಕೊಂಡ. ಕಣ್ಣಿಂದ ಬಳಬಳ ನೀರು ಸುರಿಯಿತು. ನಾನೂ ಅತ್ತೆ, ನಾಚಿಕೆ ಏನು ಬಂತು. ಆಮೇಲೆ ಅಂಗಿ ತೋಳಲ್ಲಿ ಮೂಗು ಒರೆಸಿಕೊಂಡು ನನ್ನ ಮೇಲೇ ರೇಗಿದ.

"ಸುಮ್ನೆ ನಿಂತಿದ್ದೀಯಲ್ಲ, ಜೋಡಿಸಿದ್ದೆಲ್ಲಾ ಕೆಡಿಸೋ! ಇನ್ನೊಂದ್ಸಲ ಬಗ್ಗಬೇಕು ನಾನು."