ಲಾಬಿಗೆ ಇಟ್ಟ ಕಾಲು

ಮೊನ್ನೆ ಲಿಫ್ಟಿನೊಳಗೆ ಯಾರೋ ನೋವಿನ ಸ್ಪ್ರೇ ಹೊಡೆದುಕೊಂಡು ಹೋಗಿದ್ದರು. ಆ ಘಾಟಿಗೆ, ನಾನು ತಮ್ಮ ಎಂದೇ ಕರೆಯುತ್ತಿದ್ದ ಅಂಗಡಿಯ ಹುಡುಗ ನೆನಪಾದ. ಮಂಡಿಗೆ ಇದನ್ನೇ ಹೊಡೆದುಕೊಳ್ಳುತ್ತಿದ್ದ...

ಕತಾರಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದ ಕೆಳಗಿನ ದಿನಸಿ ಅಂಗಡಿಯಲ್ಲಿ ಅವನಿಗೆ ಕೆಲಸವಿತ್ತು. ಊರು ಪುತ್ತೂರಿನ ಕಡೆ. ಅವನು ಟಿವಿಯಲ್ಲಿ ಬರುವ ದೊಡ್ಡ ಲೀಗಿನಲ್ಲಿ ಕಬಡ್ಡಿ ಆಡಿದವನೆಂದು ನನ್ನವರು ಹೇಳಿದಾಗ ನಾನು ನಕ್ಕಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜಾತಿ ನನ್ನದು.

ಲೆಫ್ಟ್ ಕಾರ್ನರಿನಲ್ಲಿ ನಿಂತು ರೈಡರನ ಪಾದ ಹಿಡಿಯುವುದು ಅವನ ಕೆಲಸ. ಊರಿನ ಮಣ್ಣಿನ ಅಂಕಣದಲ್ಲಿ ಸುಣ್ಣದ ಗೆರೆ ಮೊದಲ ಆಟಕ್ಕೇ ಅಳಿಸಿಹೋಗುತ್ತದೆ. ರೈಡರನ್ನು ಎಲ್ಲಿಯವರೆಗೆ ಅಟ್ಟಿದರೂ ಕೇಳುವವರಿಲ್ಲ. ಲೀಗಿನ ಮ್ಯಾಟಿನಲ್ಲಿ ಹಾಗಲ್ಲ. ಪಕ್ಕದ ಪಟ್ಟಿ ಲಾಬಿ. ಯಾರೂ ಯಾರನ್ನೂ ಮುಟ್ಟುವ ಮೊದಲು ಅಲ್ಲಿ ಕಾಲಿಟ್ಟರೆ ಔಟ್. ಕೊನೆಯ ನಿಮಿಷದಲ್ಲಿ ಇವನು ಊರಿನ ಅಭ್ಯಾಸದಂತೆ ನುಗ್ಗಿಬಿಟ್ಟ. ಕೈ ಹಿಡಿದಿದ್ದ ಜೊತೆಗಾರನನ್ನೂ ಎಳೆದುಕೊಂಡೇ ಹೋದ. ಇಬ್ಬರೂ ಔಟ್, ತಂಡ ಪಂದ್ಯ ಸೋತಿತು. ಆಮೇಲೆ ಬೆಂಚು, ಅದಾದ ಮೇಲೆ ಕತಾರ್.

ಆದರೂ ಪ್ರತಿ ಸಲ ಆಟಗಾರರ ಹರಾಜಿಗೆ ಹೆಸರು ಕೊಡುತ್ತಿದ್ದ. ಒಂದು ವರ್ಷ ಅದನ್ನು ನೋಡಲು ನಮ್ಮ ಮನೆಗೇ ಬಂದ. ನಾನು ಗೋಳಿಬಜೆ ಕರಿದೆ.

"ಈ ಸಲ ಆಗ್ತದೆ ಅಕ್ಕ. ಕೋಚೇ ಫೋನ್ ಮಾಡಿದ್ದಾರೆ," ಅಂದ.

ಯಾರ್ಯಾರದೋ ಹೆಸರು ಬಂದವು, ಹೋದವು. ಬಜೆ ತಣ್ಣಗಾಯಿತು. ಅವನ ಹೆಸರನ್ನು ಯಾರೂ ಕೂಗಲೇ ಇಲ್ಲ. ಬೇಡ ಎನ್ನಲಿಕ್ಕಾದರೂ ಒಮ್ಮೆ ಕೂಗಬಾರದಿತ್ತೇ? ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

"ಖಲಾಸ್ ಅಕ್ಕ," ಎಂದು ಎದ್ದ. ಬಾಗಿಲಲ್ಲಿ ನಿಂತು, "ನಾಳೆ ನೀರಿನ ಕ್ಯಾನ್ ತರ್ಬೇಕಾ?" ಎಂದು ಕೇಳಿದ. ಹೂಂ ಅಂದೆ.

ಮರುವರ್ಷ ಅಂಗಡಿ ಮುಚ್ಚಿತು. ವೀಸಾ ರದ್ದಾಗಿ ಅವನು ಊರಿಗೆ ಹೋದ. ಅವನ ನಂಬರ್ ಈಗ ಬೇರೆ ಯಾರದೋ...

ಮೊನ್ನೆ ಮನೆಗೆ ಬಂದವಳೇ ಮೊಬೈಲಿನಲ್ಲಿ ಅವನ ಆಟ ಹುಡುಕಿದೆ. ಅವನು ಹಿಡಿದ ಪಾದಗಳಲ್ಲಿ ಒಂದೂ ಇಲ್ಲ. ಸಿಕ್ಕಿದ್ದು ಲಾಬಿಗೆ ನುಗ್ಗಿದ ಆ ತುಣುಕು ಮಾತ್ರ. 'ಕಬಡ್ಡಿ ಕಾಮಿಡಿ' ಎಂದು ಹೆಸರಿಟ್ಟು, ಗಹಗಹಿಸುವ ಸದ್ದು ಸೇರಿಸಿ ಯಾರೋ ಹಾಕಿದ್ದಾರೆ. ಕೆಳಗೆ ಜನ ಇನ್ನೂ ನಗುತ್ತಲೇ ಇದ್ದಾರೆ.

"ಇವನು ನಮ್ಮವನು, ನಗಬೇಡಿ," ಎಂದು ಬರೆದೆ.

ಅದಕ್ಕೂ ಯಾರೋ ನಗುವ ಮುಖ ಹಾಕಿದರು.