ಹಿಮಸಾರಂಗದ ಊರಲ್ಲಿ ನನ್ನ ದುಭಾಷಿತನ

ನನ್ನ ನಾದಿನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಬರುತ್ತದೆ. ಈ ಒಂದೇ ಕಾರಣಕ್ಕೆ ಅವಳು ನನ್ನನ್ನು ಭೂಮಿಯ ನೆತ್ತಿಯವರೆಗೂ ಕರಕೊಂಡು ಹೋದಳು. ಪ್ರೀತಿ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಅವಳು ನನ್ನ ಗಂಡನ ತಂಗಿ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ತ್ಯಾಮಗೊಂಡ್ಲು ಹತ್ತಿರ ಅವಳದೊಂದು ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಮೂರು ಹಸು. ನಾನು ನೆಲಮಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ಆಗಷ್ಟೇ ನಿವೃತ್ತಳಾಗಿದ್ದೆ. ಒಂದು ಭಾನುವಾರ ಅವಳು ಫೋನ್ ಹಿಡಿದುಕೊಂಡು ಬಂದು, "ಅತ್ಗೆ, ಈ ದನ ನೋಡ್ಬೇಕು ನಾನು" ಅಂದಳು. ಪರದೆಯ ಮೇಲೆ ಉತ್ತರ ಧ್ರುವದ ಕಡೆಯ ಒಂದು ಬಯಲು, ಅದರಲ್ಲಿ ನೂರಾರು ಕೊಂಬು.

"ಅದು ದನ ಅಲ್ಲ ಕಣೆ, ಹಿಮಸಾರಂಗ."

"ಕೊಂಬೈತೆ, ಮೇಯ್ತದೆ, ಕರ ಹಾಕ್ತದೆ. ದನಕ್ಕೆ ಇನ್ನೇನ್ ಬೇಕು?"

ಅವಳು ಹುಡುಕಿಸಿದ ಊರಿನಲ್ಲಿ ಹೋಟೆಲ್ ಇರಲಿಲ್ಲ. ಹಿಮಸಾರಂಗ ಮೇಯಿಸುವ ಇಪ್ಪತ್ತು ಚಿಲ್ಲರೆ ಮನೆಗಳು. ಅದರಲ್ಲಿ ಒಂದು ಮನೆಯಾಕೆ ಬೇಸಿಗೆಯಲ್ಲಿ ಇಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದಳು. ಅವಳು ಕಳಿಸಿದ ಪತ್ರ ಓದಿದರೆ ಯಾರಿಗಾದರೂ ಹೋಗುವ ಆಸೆ ಬತ್ತಬೇಕು. ಬಂದರೆ ಹತ್ತು ದಿನವಾದರೂ ಇರಬೇಕು, ಎರಡು ದಿನದಲ್ಲಿ ಫೋಟೋ ತೆಗೆದು ಓಡುವವರು ಬರಬೇಡಿ. ರಾಜಧಾನಿಯಿಂದ ಮುಂದಕ್ಕೆ ವಿಮಾನ ಬೇಡ, ರೈಲಿನಲ್ಲಿ ಬನ್ನಿ. ತಂದ ಕಸ ವಾಪಸ್ ಒಯ್ಯಿರಿ. ಪಾಚಿಯ ಮೇಲೆ ಕಾಲಿಡಬೇಡಿ, ಅದು ಮತ್ತೆ ಬೆಳೆಯಲು ಒಂದು ಆಯುಷ್ಯವೇ ಬೇಕು. ಬಟ್ಟೆಯಲ್ಲಿ, ಬೂಟಿನಲ್ಲಿ ನಿಮ್ಮೂರಿನ ಬೀಜ ಅಂಟಿರಬಾರದು.

ಕೊನೆಯದನ್ನು ಕೇಳಿ ನಾದಿನಿ ತನ್ನ ಸೀರೆಯ ಅಂಚು ನೋಡಿಕೊಂಡಳು. ತೋಟದಿಂದ ನೇರ ಬಂದಿದ್ದಳು, ಅಂಚಿನ ತುಂಬ ಉತ್ತರಾಣಿ ಬೀಜ. "ತಿಳಿದೋಳು ಕಣತ್ಗೆ ಇವ್ಳು" ಅಂತ ಅಲ್ಲೇ ಕೂತು ಒಂದೊಂದೇ ಕೀಳತೊಡಗಿದಳು. ಹೊರಡುವುದು ಅಂದೇ ಖಾತ್ರಿಯಾಯಿತು.

ರೈಲು, ಬಸ್ಸು, ಆಮೇಲೊಂದು ದೋಣಿ. ಉಣ್ಣೆಯ ಪ್ಯಾಂಟಿನ ಮೇಲೆ ಸೀರೆ ಉಟ್ಟು, ಸ್ಟೀಲ್ ಡಬ್ಬಿಯ ಹುರಿಹಿಟ್ಟನ್ನು ಕಂಕುಳಲ್ಲಿ ಹಿಡಿದು ನಾದಿನಿ ದೋಣಿಯಿಂದ ಇಳಿದಳು. ಮನೆಯಾಕೆ ನಮ್ಮ ವಯಸ್ಸಿನವಳೇ. ಮಾತು ಕಡಿಮೆ, ಇಂಗ್ಲಿಷೂ ಅಳತೆಯದು. ಒಳಗೆ ಕರೆದು ಮೊದಲು ಅಡುಗೆಮನೆ ತೋರಿಸಿದಳು. "ಇಲ್ಲಿ ಅತಿಥಿಗಳು ಪಾತ್ರೆ ತಾವೇ ತೊಳೆಯುತ್ತಾರೆ, ನೀರು ಹಿಡಿತದಲ್ಲಿರಲಿ" ಅಂದಳು.

"ಏನಂದ್ರು ಅತ್ಗೆ?"

ಮೂವತ್ತು ವರ್ಷ ತಪ್ಪಿಲ್ಲದೆ ಭಾಷಾಂತರ ಮಾಡಿಸಿದವಳು ನಾನು. ಆ ಗಳಿಗೆಯಲ್ಲಿ ನಾಲಿಗೆಗೆ ಏನಾಯಿತೋ. "ಇವ್ರಲ್ಲಿ ಪಾತ್ರೆ ತೊಳೆಯೋದು ಚಿಕ್ಕೋರಂತೆ. ದೊಡ್ಡೋರು ಮುಟ್ಟಿದ್ರೆ ಮನೆಯವ್ರಿಗೆ ಅವಮಾನ ಅಂತೆ" ಅಂದುಬಿಟ್ಟೆ.

ನಾದಿನಿ ಗಂಭೀರವಾಗಿ ತಲೆಯಾಡಿಸಿ ಸೆರಗು ಸಿಕ್ಕಿಸಿದಳು. ಅಂದಿನಿಂದ ಮೂರು ಹೊತ್ತೂ ಅವಳೇ ತೊಳೆದಳು. ನಾನು ಕಿಟಕಿ ಪಕ್ಕ ಕಾಲು ನೀಡಿ, ಮುಳುಗದ ಸೂರ್ಯನನ್ನು ನೋಡುತ್ತ ಕಾಫಿ ಕುಡಿದೆ. ಮನೆಯಾಕೆ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಸುಮ್ಮನಾಗುತ್ತಿದ್ದಳು.

ನನ್ನ ರಾಜ್ಯಭಾರಕ್ಕೆ ಮೊದಲ ಪೆಟ್ಟು ಬಿದ್ದದ್ದು ಕಕ್ಕಸಿನಿಂದ. ಅಲ್ಲಿ ನೀರು ಹಾಕುವ ಹಾಗಿಲ್ಲ. ಒಂದು ಬಕೆಟ್ಟು, ಮೇಲೆ ಮರದ ಹೊಟ್ಟು, ತುಂಬಿದ ಮೇಲೆ ಗೊಬ್ಬರದ ಗುಂಡಿಗೆ. ನಾನು ಮೂಗು ಮುಚ್ಚಿಕೊಂಡರೆ ನಾದಿನಿ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗೊಬ್ಬರವನ್ನು ಕೈಗೆತ್ತಿಕೊಂಡು ಹಿಚುಕಿ, ಮೂಸಿ, ಬಾಡಿದ ಎಲೆಗಳನ್ನು ತೋರಿಸಿ, "ಇದೂ ಹಾಕಿ, ಇದೂ" ಅಂತ ಕನ್ನಡದಲ್ಲೇ ಉಪದೇಶ ಕೊಟ್ಟಳು. ಮನೆಯಾಕೆ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಅರ್ಧ ಗಂಟೆ ಹಾಗೇ ಮಾತಾಡಿದರು. ನಾನು ಹತ್ತಿರ ಹೋಗಿ "ಏನಾದ್ರೂ ಹೇಳ್ಬೇಕಾ?" ಅಂದೆ. "ನೀವ್ ಕೂತ್ಕಳಿ ಅತ್ಗೆ, ಇದು ಗೊಬ್ರದ್ ವಿಷ್ಯ" ಅಂದಳು.

ಏಳನೆಯ ದಿನ ಗುಡ್ಡದ ಮೇಲಿಂದ ಹಿಂಡನ್ನು ಇಳಿಸಿ ತರುತ್ತಿದ್ದರು. ಕರುಗಳ ಕಿವಿಗೆ ಗುರುತು ಹಾಕುವ ಕೆಲಸ. ಮನೆಯಾಕೆ ನಮ್ಮಿಬ್ಬರನ್ನು ಒಂದು ಬಂಡೆಯ ಹಿಂದೆ ಕೂರಿಸಿದಳು. ತಾನು ಕೈ ಬೀಸುವ ತನಕ ಏಳಬೇಡಿ, ಫೋನ್ ತೆಗೆಯಬೇಡಿ ಅಂದಳು. ಇದನ್ನು ನಾನು ಅಕ್ಷರಕ್ಷರ ಸರಿಯಾಗಿ ಹೇಳಿದೆ.

ನಾದಿನಿ ತಲೆ ತಗ್ಗಿಸಿ ಕೂತವಳು ಕೂತೇ ಇದ್ದಳು. ನನ್ನ ಮುಂದೆ ಇಪ್ಪತ್ತು ಹೆಜ್ಜೆಯಲ್ಲಿ ಒಂದು ಕರು ಬಂದು ನಿಂತಿತು. ಕಂದು ಮೈ, ಒದ್ದೆ ಮೂತಿ, ಕಡ್ಡಿಯಂಥ ಕಾಲು. ನಮ್ಮ ಹೈಸ್ಕೂಲಿನ ವಾಟ್ಸಾಪ್ ಗುಂಪು ನೆನಪಾಯಿತು. ಫೋನ್ ತೆಗೆದು ಎದ್ದೆ. ನಾನು ತೊಟ್ಟಿದ್ದು ಕೆಂಪು ಜರ್ಕಿನ್.

ಮುಂದಿದ್ದ ಹೆಣ್ಣೊಂದು ಕತ್ತೆತ್ತಿತು, ಅಷ್ಟೇ. ಹಿಂಡು ಪೂರಾ ತಿರುಗಿ, ಚೆಲ್ಲಿದ ರಾಗಿಯ ಹಾಗೆ ಗುಡ್ಡದ ತುಂಬ ಹರಡಿಹೋಯಿತು. ಮೂರು ದಿನ ನಡೆದು ಅವನ್ನು ತಂದಿದ್ದವರು ಕೈಚೆಲ್ಲಿ ನಿಂತರು.

ಮನೆಯಾಕೆ ನನ್ನ ಹತ್ತಿರ ಬಂದಳು. ಕೂಗಲಿಲ್ಲ. "ಈ ಕರುಗಳಿಗೆ ಹೀಗೆ ಓಡುವ ಶಕ್ತಿ ಇನ್ನೂ ಇಲ್ಲ. ತಾಯಿಯಿಂದ ತಪ್ಪಿದ್ದು ಉಳಿಯುವುದಿಲ್ಲ" ಅಂದಳು. ಹಾಗೇ ಗುಡ್ಡ ಹತ್ತಿ ಹೋದಳು.

"ಏನಂದ್ರು?" ನಾದಿನಿ ಕೇಳಿದಳು.

"ಇವತ್ತು ಗಾಳಿ ಜಾಸ್ತಿ ಅಂದ್ರು."

"ಗಾಳಿಗಾ ಅತ್ಗೆ ನಿಮ್ ಕಿವಿ ಇಷ್ಟ್ ಕೆಂಪಗಾಗಿರೋದು?"

ನಾನು ಫೋನನ್ನು ಜೇಬಿಗೆ ತುರುಕಿದೆ. ಪಾಠ ಕೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು.

ಮಾರನೆಯ ದಿನ ಊರಿಗೆ ಊರೇ ಹಿಂಡು ಕೂಡಿಸಲು ಹೊರಟಿತು. ನಾವೂ ಬರುತ್ತೇವೆ ಅಂದೆ. ಬೂದು ಬಣ್ಣದ ಹಳೇ ಕೋಟೊಂದನ್ನು ನನ್ನ ಕೈಗಿಟ್ಟರು. ಗೋಣಿತಾಟಿನ ಉದ್ದನೆಯ ಪಟ್ಟಿಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಸಾಲಾಗಿ ನಡೆಯಬೇಕು, ಅದೇ ನಡೆದಾಡುವ ಬೇಲಿ. ಸೊಳ್ಳೆಗಳು ಮುಖದ ಮೇಲೆ ಹಬ್ಬ ಮಾಡಿದವು. ಕೈ ಬಿಟ್ಟು ಹೊಡೆಯುವಂತಿಲ್ಲ. ದಿನವೆಲ್ಲ ನಡೆದೆವು.

ದೊಡ್ಡಿಯ ಬಾಯಿ ಹತ್ತಿರವಾದಾಗ ಒಂದು ಕರು ನಮ್ಮ ಬೇಲಿಯ ಹೊರಗೆ ಉಳಿದುಬಿಟ್ಟಿತು. ಒಳಗಿನಿಂದ ತಾಯಿ ಗೊರಗೊರ ಅನ್ನುತ್ತಿದೆ. ಸಾಲಿನಲ್ಲಿ ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ. ನಾದಿನಿ ಒಂದು ಮಾತೂ ಆಡದೆ ತನ್ನ ಕಡೆಯ ತಾಟನ್ನು ಮೆಲ್ಲಗೆ ನೆಲಕ್ಕಿಳಿಸಿ, ಮುಖ ಬೇರೆ ಕಡೆ ತಿರುಗಿಸಿ, ಕಲ್ಲಿನ ಹಾಗೆ ನಿಂತಳು. ಕರು ಹಾರಿ ಒಳಗೆ ಹೋಯಿತು. ಅವಳು ತಾಟು ಎತ್ತಿ ಹಿಡಿದಳು.

ಮನೆಯಾಕೆ ಅಷ್ಟನ್ನೂ ನೋಡಿದ್ದಳು. ದೊಡ್ಡಿ ಮುಚ್ಚಿದ ಮೇಲೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿದಳು.

"ಏನಂದ್ರು ಅತ್ಗೆ?"

"ಗೊತ್ತಿಲ್ಲ ಕಣೆ" ಅಂದೆ. ಆ ಪ್ರವಾಸದಲ್ಲಿ ಅಪರೂಪಕ್ಕೆ ನಿಜ ಹೇಳಿದ್ದೆ.

ಮನೆಗೆ ಬಂದು ಮೀನಿನ ಸಾರು ಉಂಡೆವು. ನಾದಿನಿ ತನ್ನ ಖಾರದಪುಡಿ ಬೆರೆಸಿ ಮಾಡಿದ್ದು. ಊಟವಾದ ಮೇಲೆ ಅವಳು ಎಂದಿನಂತೆ ಪಾತ್ರೆ ಬಾಚಿಕೊಳ್ಳಲು ಎದ್ದಳು. ಮನೆಯಾಕೆ ಅವಳ ಕೈ ಹಿಡಿದು ಕೂರಿಸಿದಳು. "ಬೇಜಾರು ಮಾಡಿಕೊಳ್ಳಬೇಡಿ, ಇವತ್ತೊಂದು ದಿನ ನಾನು ತೊಳೆಯುತ್ತೇನೆ. ನಿಮ್ಮ ಕಡೆ ಹಿರಿಯರು ಪಾತ್ರೆ ಮುಟ್ಟಬಾರದೆಂಬ ಪದ್ಧತಿ ಇದೆ ಅಂತ ತಿಳಿದು, ಇಷ್ಟು ದಿನ ಗೌರವದಿಂದ ಸುಮ್ಮನಿದ್ದೆ" ಅಂತ ನನಗೆ ಹೇಳಿದಳು.

ಮನೆಯವರ ಪದ್ಧತಿ ಅಂತ ನಾದಿನಿ ತೊಳೆದಿದ್ದಾಳೆ, ನಮ್ಮ ಪದ್ಧತಿ ಅಂತ ಮನೆಯಾಕೆ ಬಿಟ್ಟಿದ್ದಾಳೆ. ಇಬ್ಬರ ಮರ್ಯಾದೆಯ ನಡುವೆ ನಾನು ಕಾಲು ನೀಡಿ ಕೂತಿದ್ದೇನೆ. ಇನ್ನು ತಡೆಯಲಾಗಲಿಲ್ಲ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ.

ಮನೆಯಾಕೆಯ ಬಾಯಿ ತೆರೆದೇ ಇತ್ತು. ನಾದಿನಿ ನನ್ನನ್ನೇ ದಿಟ್ಟಿಸಿದಳು. "ಏಳ್ ದಿನ ಅತ್ಗೆ! ಏಳ್ ದಿನ ಈ ಕೈ ತಣ್ಣೀರಲ್ಲಿ!" ಅಂದವಳು ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು. ಮನೆಯಾಕೆಯೂ ಶುರು ಮಾಡಿದಳು. ಆ ಮಾತು ಕಡಿಮೆಯ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ನಾನು ಎದ್ದು ತೋಳು ಮಡಿಸಿದೆ. ಉಳಿದ ದಿನಗಳ ಪಾತ್ರೆಯೆಲ್ಲ ನನ್ನದೇ. ಅವರಿಬ್ಬರೂ ಕಿಟಕಿ ಪಕ್ಕದಲ್ಲಿ.

ಚದುರಿದ ಕರುಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ ಎಂದು ಹೊರಡುವ ಹಿಂದಿನ ದಿನ ಗೊತ್ತಾಯಿತು. ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಊರಿಗೆ ಬಂದ ವಾರಕ್ಕೆ ಹೊಸಕೋಟೆಯ ನೆಂಟರು ತ್ಯಾಮಗೊಂಡ್ಲಿಗೆ ಬಂದರು, ಫೋಟೋ ನೋಡಬೇಕಂತೆ. ಫೋಟೋ ನಾಲ್ಕೇ ಇದ್ದವು. ಒಂದರಲ್ಲೂ ಹಿಮಸಾರಂಗ ಇರಲಿಲ್ಲ. ಅವರು ಪೆಚ್ಚಾದರು. ಆಗ ನಾದಿನಿ ಜಗಲಿಯ ಮೇಲೆ ಎದ್ದು ನಿಂತು, ನನ್ನ ಹಾಗೆ ಫೋನ್ ಹಿಡಿದು, ಹಿಂಡಿನ ಹಾಗೆ ಓಡಿ, ಕಥೆ ಮಾಡಿ ತೋರಿಸಿದಳು. ಅವಳ ಹೇಳಿಕೆಯಲ್ಲಿ ಹಿಂಡು ಹತ್ತು ಸಾವಿರವಾಯಿತು, ಗುಡ್ಡ ನಂದಿಬೆಟ್ಟಕ್ಕಿಂತ ದೊಡ್ಡದಾಯಿತು, ನಾನು ಕೆಸರಿನಲ್ಲಿ ಮೂರು ಸಲ ಬಿದ್ದೆ.

"ಹೌದೇನ್ರಕ್ಕ, ನಿಜಾನಾ?" ಅಂತ ನೆಂಟರೊಬ್ಬರು ನನ್ನ ಕಡೆ ತಿರುಗಿದರು.

"ಅವ್ಳು ಹೇಳಿದ್ಮೇಲೆ ಮುಗೀತು" ಅಂದು ಕಾಫಿ ಲೋಟಗಳನ್ನು ಕೊಟ್ಟೆ. ಅವಳು ನಾಲ್ಕನೆಯ ಸಲ ನನ್ನನ್ನು ಕೆಸರಿಗೆ ಬೀಳಿಸುತ್ತಿದ್ದಳು.