ಬಲಗಡೆ ಕೂತರೆ ಕೇಳಿಸುತ್ತದೆ

ಮನ್ಸೂರಾ ಊರಿನಲ್ಲಿ ತಫೀದಾಳನ್ನು ಎಲ್ಲರೂ ಹಾಗ್ಗಾ, ಎಂದರೆ ಹಜ್ ಮಾಡಿ ಬಂದವಳು, ಎಂದೇ ಕರೆಯುತ್ತಾರೆ. ಅವಳು ಮಕ್ಕಾ ಕಂಡವಳಲ್ಲ. ವಯಸ್ಸಿಗೆ ಜನ ಕೊಟ್ಟ ಮರ್ಯಾದೆ ಅದು. ಬೇಡ ಬೇಡವೆಂದು ಹೇಳಿ ಸಾಕಾಗಿ ಒಂದು ದಿನ ಸುಮ್ಮನಾದಳು. ಸಂಬಂಧ ಕೂಡಿಸುವುದು ಅವಳ ಕಸುಬು. ನೈಲ್ ನದಿಯ ಈ ದಡದಲ್ಲೂ ಆಚೆ ದಡದ ತಲ್ಖಾದಲ್ಲೂ ಅವಳು ಕೂಡಿಸಿದ ಮನೆಗಳಿವೆ. ಕೆಲವು ಮನೆಗಳಲ್ಲಿ ಅಪ್ಪ ಅಮ್ಮನನ್ನು ಕೂಡಿಸಿದವಳೂ ಅವಳೇ, ಅವರ ಮಕ್ಕಳಿಗೆ ಜೊತೆ ಹುಡುಕಿದವಳೂ ಅವಳೇ. ಓದು ಎಂದರೆ ತನ್ನ ಹೆಸರು ಬರೆಯುವಷ್ಟು, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟು. ಅಷ್ಟು ಓದುವುದರೊಳಗೆ ಬಸ್ಸು ಹೊರಟಿರುತ್ತದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಕಸುಬಿನಲ್ಲಿ ಅವಳು ಸುಳ್ಳು ಹೇಳದೆ ಬದುಕಿದಳು. ಅದಕ್ಕೆ ಕಾರಣ ಅವಳದೇ ಮದುವೆ. ಅವಳಿಗೆ ಗಂಡು ತಂದದ್ದು ಸೋದರತ್ತೆ. ಆ ಅತ್ತೆ ಹುಡುಗನ ಒಂದೇ ಒಂದು ಒಳ್ಳೆಯ ಗುಣವನ್ನು ಹೇಳುವ ಮೊದಲು, "ಚಿಕ್ಕವನಾಗಿದ್ದಾಗ ಜ್ವರ ಬಂದು ಎಡಗಿವಿ ಹೋಗಿದೆ ಕಣೆ. ನೀನು ಬಲಗಡೆ ಇರು, ಎಲ್ಲಾ ಸರಿಹೋಗುತ್ತೆ" ಎಂದಿದ್ದಳು.

ಹಾಗೇ ಆಯಿತು. ಗಂಡನ ಹೆಸರು ಮಿತ್ವಲ್ಲಿ, ಹಿಟ್ಟಿನ ಗಿರಣಿಯ ಕೆಲಸಗಾರ, ಸಾಧು ಮನುಷ್ಯ. ತಫೀದಾ ಅವನ ಬಲಗಡೆ ನಡೆದಳು, ಬಲಗಡೆ ಉಂಡಳು, ಬಲಗಡೆ ಮಲಗಿದಳು. ಜಗಳವಾಡಬೇಕೆಂದರೂ ಸುತ್ತು ಹಾಕಿಕೊಂಡು ಬಲಕ್ಕೆ ಬಂದು ಆಡಿದಳು. ಬರುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಅವನು ತೀರಿಕೊಂಡ ಮೇಲೂ ಅಭ್ಯಾಸ ಹೋಗಲಿಲ್ಲ. ದಾರಿಯಲ್ಲಿ ಯಾರಾದರೂ ಅವಳ ಎಡಕ್ಕೆ ಬಂದರೆ ತೋಳು ಹಿಡಿದು ಈಚೆಗೆ ತಂದು ಬಿಡುತ್ತಾಳೆ. ಅವನು ನಡೆಯುತ್ತಿದ್ದ ಎಡಗಡೆಯ ಜಾಗ ಖಾಲಿಯಾಗಿಯೇ ಅವಳ ಜೊತೆ ನಡೆಯುತ್ತದೆ.

ಮಗಳ ಮಗಳು ಶುರೂಕ್ ಅವಳ ಮನೆಯಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಒಂದು ಬೆಳಿಗ್ಗೆ ಆ ಹುಡುಗಿಯ ಲ್ಯಾಪ್‌ಟಾಪ್ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ. ರಿಪೇರಿಯವನು ಒಳಗಿನ ಬೋರ್ಡು ಸುಟ್ಟಿದೆ ಎಂದ. ವರ್ಷದ ಕೊನೆಯ ವರದಿಯನ್ನು, ವಾರದ ರಜೆ ಮುಗಿದು ಕಾಲೇಜು ತೆರೆಯುವ ಭಾನುವಾರ ಒಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ವರ್ಷವೇ ಹೋಯಿತು. ಶುರೂಕ್ ಫೋನಿನಲ್ಲೇ ಬೆರಳು ಸವೆಸುತ್ತ ಬರೆದಳು. ಕಣ್ಣು ಕೆಂಪಾಗಿ, ಬರೆದ ಪಟ್ಟಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಕೊನೆಗೆ ಫೋನನ್ನು ದಿಂಬಿನಡಿ ತುರುಕಿ ಅತ್ತಳು. ಅಜ್ಜಿ ಮೊಮ್ಮಗಳು ಇಬ್ಬರ ಉಳಿತಾಯ ಸೇರಿಸಿದರೆ ಹತ್ತು ಸಾವಿರ ಗಿನೇ ಆಯಿತು. ಆರಿಸುವುದರಲ್ಲಿ ತಪ್ಪಿದರೆ ಇನ್ನೊಂದು ಸಲ ಕೊಳ್ಳುವ ಮಾತೇ ಇರಲಿಲ್ಲ.

"ನೀನು ಬರೋದು ಬೇಡ ತೇತಾ, ನಾನೇ ನೋಡ್ಕೊಂಡು ಬರ್ತೀನಿ" ಎಂದಳು ಶುರೂಕ್. ಅಜ್ಜಿಯನ್ನು ಅವಳು ತೇತಾ ಎಂದೇ ಕರೆಯುತ್ತಿದ್ದಳು.

"ನೀನೇ ನೋಡು. ನಾನು ಸುಮ್ನೆ ಕೂತಿರ್ತೀನಿ."

"ನೀನು ಸುಮ್ನೆ ಕೂತಿದ್ದನ್ನ ಊರಲ್ಲಿ ಯಾರೂ ನೋಡಿಲ್ಲ."

ಗುರುವಾರ ಮಧ್ಯಾಹ್ನ ಇಬ್ಬರೂ ಲ್ಯಾಪ್‌ಟಾಪ್ ಅಂಗಡಿಗಳ ಓಣಿಗೆ ಹೋದರು. ಎದುರಿಗೆ ಬಂದ ಮೊದಲ ಅಂಗಡಿಯಲ್ಲೇ ಶುರೂಕ್‌ಳ ಕಣ್ಣು ಒಂದರ ಮೇಲೆ ಬಿತ್ತು. ಬೆಳ್ಳಿ ಬಣ್ಣ, ರೊಟ್ಟಿಯಷ್ಟು ತೆಳು, ಹೊರದೇಶದಲ್ಲಿ ಬಳಸಿ ಇಲ್ಲಿಗೆ ಬಂದದ್ದು. ಹುಡುಗಿ ಅದನ್ನು ಎತ್ತಿಕೊಂಡ ರೀತಿ ನೋಡಿಯೇ ತಫೀದಾಳಿಗೆ ತಿಳಿಯಿತು, ಇವಳ ಮನಸ್ಸು ಜಾರಿತೆಂದು.

"ಮದುಮಗಳು ಇದ್ದ ಹಾಗಿದೆ ಹಾಗ್ಗಾ" ಎಂದ ಅಂಗಡಿಯವನು. "ಒಂದು ಗೀರಿಲ್ಲ. ಕೊರತೆ ಅನ್ನೋದೇ ಇಲ್ಲ."

"ಏನೂ ಇಲ್ವಾ?"

"ನನ್ನ ಕಣ್ಣಾಣೆ, ಏನೂ ಇಲ್ಲ."

"ಹಾಗಾದ್ರೆ ಸ್ವಲ್ಪ ಹೊತ್ತು ಕೂತ್ಕೋತೀವಿ. ಆ ವೈರು ಕಿತ್ತಿಡು ಮಗನೇ. ಚಹಾ ಹೇಳು."

ಹೆಣ್ಣು ಗಂಡು ನೋಡಲು ಹೋದ ಮನೆಯಲ್ಲಿ ಮೂರು ಲೋಟ ಚಹಾ ಮುಗಿಯುವವರೆಗೆ ಹೂಂ ಎನ್ನಬಾರದು ಎನ್ನುವುದು ಅವಳ ಪದ್ಧತಿ. ಮೊದಲ ಲೋಟಕ್ಕೆ ಎಲ್ಲರೂ ಒಳ್ಳೆಯವರೇ. ಎರಡನೆಯದಕ್ಕೆ ಹೊಸ ಬಟ್ಟೆ ಚುಚ್ಚತೊಡಗುತ್ತದೆ. ಮೂರನೆಯದು ಬರುವ ಹೊತ್ತಿಗೆ ಒಳಮನೆಯಲ್ಲಿ ಯಾರೋ ಯಾರನ್ನೋ ಗದರುತ್ತಾರೆ. ಆ ದನಿ ಕೇಳಿಸಿಕೊಂಡು ಎದ್ದು ಬರಬೇಕು. ಬೆಲೆಯ ಮಾತು, ಬಂಗಾರದ ಮಾತು ಅದಕ್ಕೆ ಮೊದಲು ಎತ್ತಬಾರದು. ಆದ್ದರಿಂದ ಅವಳು ಬೆಲೆ ಕೇಳಲೇ ಇಲ್ಲ. ಶುರೂಕ್ ತನ್ನ ಪಾಠಗಳನ್ನು ತೆರೆದಳು, ವಿಡಿಯೋ ಹಾಕಿದಳು, ಬರೆದು ನೋಡಿದಳು. ಎರಡನೇ ಲೋಟಕ್ಕೆ ಯಂತ್ರದ ಫ್ಯಾನು ಹುಯ್ಯೆನ್ನತೊಡಗಿತು. ಮೂರನೆಯದು ಅರ್ಧವಾದಾಗ ಹುಡುಗಿ ಅದನ್ನು ತೊಡೆಯಿಂದ ಎತ್ತಿ ಮೇಜಿಗಿಟ್ಟಳು.

ತಫೀದಾ ಅದರ ಹೊಟ್ಟೆ ಮುಟ್ಟಿ ನೋಡಿದಳು. "ಜ್ವರ ಬಂದಿದೆಯಲ್ಲ."

"ಬೇಸಿಗೆ ಹಾಗ್ಗಾ, ಎಲ್ಲಾ ಬಿಸಿಯೇ."

"ಬ್ಯಾಟರಿ ಆಗ್ಲೇ ಮುಗೀತಾ ಬಂತು" ಎಂದಳು ಶುರೂಕ್ ಸಣ್ಣ ದನಿಯಲ್ಲಿ. "ಬೇರೆ ಬ್ಯಾಟರಿ ಹಾಕ್ಬಹುದಾ?"

"ಒಳಗೆ ಅಂಟಿಸಿಬಿಟ್ಟಿರ್ತಾರಮ್ಮ, ಸಿಗೋದೂ ಕಷ್ಟ. ಚಾರ್ಜರ್ ಹಾಕ್ಕೊಂಡೇ ಓದಿದ್ರಾಯ್ತು."

"ದಿನಾ ಸಂಜೆ ಕರೆಂಟ್ ಹೋಗುತ್ತಲ್ಲ, ಆಗ?" ಎಂದಳು ತಫೀದಾ.

"ಕರೆಂಟ್ ಬಂದ್ಮೇಲೆ ಓದ್ಲಿ."

ತಫೀದಾ ಲೋಟ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟಳು. "ನಸೀಬ್ ಇಲ್ಲ ಮಗನೇ. ನಿನ್ನ ಸಾಮಾನಿಗೆ ದೇವರು ಬೇರೆ ಒಳ್ಳೇ ಮನೆ ತೋರಿಸ್ಲಿ." ಸಂಬಂಧ ಬೇಡವೆನ್ನುವಾಗ ಆಡುವ ಮಾತು ಅದು; ಕೇಳಿದವರು ಮುನಿಸಿಕೊಳ್ಳುವ ಹಾಗಿಲ್ಲ. ಅಂಗಡಿಯವನೂ ಎದೆಯ ಮೇಲೆ ಕೈಯಿಟ್ಟುಕೊಂಡ. ಚಹಾದ ದುಡ್ಡು ತಗೊಳ್ಳಲಿಲ್ಲ.

ಹೊರಗೆ ಬಂದ ಮೇಲೆ ಶುರೂಕ್ ನಡುಬೀದಿಯಲ್ಲೇ ನಿಂತಳು. ತಫೀದಾಳ ಎಡಕ್ಕೆ ನಿಂತಿದ್ದಳು. ಅಜ್ಜಿ ತೋಳು ಹಿಡಿದು ಬಲಕ್ಕೆ ತಂದಳು. ಹುಡುಗಿ ಸಿಡಿಯಲು ಅದೇ ಸಾಕಾಯಿತು.

"ಅಲ್ಲಿ ನಿಲ್ಬೇಡ ಇಲ್ಲಿ ನಿಲ್ಲು, ಇದು ಬೇಡ ಅದು ಬೇಡ. ಅದು ಗಂಡಲ್ಲ ತೇತಾ, ಮಿಷನ್ನು."

"ಮಿಷನ್ನೇ ಕಣೆ. ಮಾರೋನು ಮನುಷ್ಯ."

"ಎಷ್ಟು ಚೆನ್ನಾಗಿತ್ತು."

"ಬೆಳ್ಳಗಿರೋದೆಲ್ಲ ಹಾಲಲ್ಲ."

"ನಿನಗೇನು, ಗಾದೆ ಹೇಳ್ತೀಯ. ಭಾನುವಾರ ಮೇಡಂ ಮುಂದೆ ನಿಲ್ಲೋಳು ನಾನು" ಎಂದವಳು ಮುಖ ಆಚೆ ತಿರುಗಿಸಿದಳು. ಭುಜ ಅಲುಗಿತು.

ತಫೀದಾಳಿಗೆ ಮೊದಲ ಸಲ ಅಳುಕಾಯಿತು. ಜನರನ್ನು ನೋಡಿ ಕಲಿತದ್ದನ್ನು ಒಂದು ಡಬ್ಬಿಯ ಮೇಲೆ ಹೇರುತ್ತಿದ್ದೇನೆಯೇ? ಹುಡುಗಿಯ ವರ್ಷ ಹೋದರೆ ಮೂರು ಲೋಟ ಚಹಾ ಅದನ್ನು ತಂದುಕೊಡುತ್ತದೆಯೇ? ಅವಳು ಚೀಲದಿಂದ ಒಂದು ಎಳ್ಳಿನ ಬಿಸ್ಕತ್ತು ತೆಗೆದು ಕೊಟ್ಟಳು. ಶುರೂಕ್ ಬೇಡವೆಂದು ತಲೆಯಾಡಿಸಿ, ಆಮೇಲೆ ತಗೊಂಡು ತಿಂದಳು. ಸಂಜೆ ನಮಾಜಿಗೆ ಇನ್ನೂ ಹೊತ್ತಿತ್ತು. "ಇನ್ನೊಂದು ಅಂಗಡಿ ನೋಡೋಣ. ಅಲ್ಲೂ ಆಗ್ಲಿಲ್ಲ ಅಂದ್ರೆ ನೀನು ಹೇಳಿದ್ದೇ ಆಗ್ಲಿ, ಆ ಬೆಳ್ಳೀದೇ ತಗೊಳ್ಳೋಣ" ಎಂದಳು ಅಜ್ಜಿ. ಮಾತು ಕೊಟ್ಟಾಯಿತು.

ಓಣಿಯ ಕೊನೆಯಲ್ಲಿ ಮೀನಾ ಎಂಬ ಹುಡುಗನ ಅಂಗಡಿ. ಈಜಿಪ್ಟಿನ ಕ್ರೈಸ್ತರವನು, ಮಣಿಕಟ್ಟಿನ ಮೇಲೆ ಸಣ್ಣ ಶಿಲುಬೆಯ ಹಚ್ಚೆ, ಕಿವಿಯ ಸಂದಿಯಲ್ಲಿ ಸ್ಕ್ರೂ ಡ್ರೈವರು. ಮೇಜಿನ ತುಂಬ ಹೊಟ್ಟೆ ಬಿಚ್ಚಿದ ಲ್ಯಾಪ್‌ಟಾಪುಗಳು.

"ಇಂಜಿನಿಯರ್ ಸಾಹೇಬ್ರೇ, ನಿಮ್ಮ ಅಂಗಡೀಲೂ ಕೊರತೆ ಇಲ್ದಿರೋದೇ ಇರೋದಾ?" ಎಂದು ಕೇಳಿದಳು ತಫೀದಾ.

ಮೀನಾ ನಕ್ಕ. "ಕೊರತೆ ಇಲ್ದಿದ್ರೆ ನನ್ನ ಹತ್ರ ಯಾಕೆ ಬರುತ್ತೆ ಹಾಗ್ಗಾ? ಮೊದಲು ಕೆಲಸ ಏನು ಹೇಳಿ."

ಶುರೂಕ್ ಹೇಳಿದಳು: ವರದಿ ಬರೆಯಬೇಕು, ಪಾಠ ಕೇಳಬೇಕು, ದಿನಾ ತಲ್ಖಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕು, ಸಂಜೆ ಕರೆಂಟ್ ಇಲ್ಲದಾಗಲೂ ನಡೆಯಬೇಕು. ಅವನು ಮೊದಲು ಒಂದು ಹೊಸದನ್ನು ತೋರಿಸಿದ, ಪೆಟ್ಟಿಗೆಯ ಸೀಲು ಕೂಡ ಒಡೆದಿರಲಿಲ್ಲ.

"ಹೊಸದು, ಗ್ಯಾರಂಟಿ ಇದೆ. ಆದ್ರೆ ಮೆಮೊರಿ ಕಡಿಮೆ. ಪಾಠ ಒಂದು ಕಡೆ ವಿಡಿಯೋ ಒಂದು ಕಡೆ ತೆರೆದ್ರೆ ಉಸಿರು ಕಟ್ಟುತ್ತೆ. ಮುಂದೆ ಹೆಚ್ಚಿಸೋಕೂ ಆಗಲ್ಲ."

"ನಾಲ್ಕು ಜಿಬಿನೇನಾ?"

"ನಾಲ್ಕೇ."

"ಬೇಡ" ಎಂದಳು ಶುರೂಕ್.

ಆಮೇಲೆ ಅವನು ಕೆಳಗಿನ ಹಲಗೆಯಿಂದ ಕಪ್ಪಗೆ ದಪ್ಪಗೆ ಇದ್ದ ಒಂದನ್ನು ತೆಗೆದ. ಯಾವುದೋ ಕಚೇರಿಯಲ್ಲಿ ದುಡಿದು ಬಂದದ್ದು. "ತೂಕ ಇದೆ. ಮೂಲೆ ಒಡೆದಿದೆ, ನೋಡಿ. ಮೆಮೊರಿ ಎಂಟು, ಬೇಕಾದಾಗ ಹೆಚ್ಚಿಸ್ಬಹುದು. ಬ್ಯಾಟರಿ ನಾನೇ ಬೇರೆ ಹಾಕಿದೀನಿ." ಅಲ್ಲಿಗೆ ನಿಲ್ಲಿಸಿ ಅವನು ಕತ್ತು ಕೆರೆದುಕೊಂಡ. "ಇನ್ನೊಂದಿದೆ."

"ಹೇಳಪ್ಪ."

"ಎಡಗಡೆ ಸ್ಪೀಕರ್ ಸತ್ತಿದೆ ಹಾಗ್ಗಾ. ಬಲಗಡೆ ಮಾತ್ರ ಕೇಳ್ಸುತ್ತೆ. ಬೇರೆ ತರಿಸಿ ನೋಡ್ದೆ, ಕೂರ್ಲಿಲ್ಲ."

ತಫೀದಾಳ ಕೈ ತಾನಾಗಿ ಚಾಚಿ ಆ ಕಪ್ಪು ಮುಚ್ಚಳವನ್ನು ಸವರಿತು, ಒಡೆದ ಮೂಲೆಯ ಹತ್ತಿರ ನಿಂತಿತು. ಶುರೂಕ್ ಅಜ್ಜಿಯ ಮುಖ ನೋಡಿದಳು. ತಾತನ ಬಲಗಡೆಯ ಕಥೆ ಅವಳು ಚಿಕ್ಕಂದಿನಿಂದ ಕೇಳಿದ್ದಳು, ಆದರೆ ಅಜ್ಜಿಯ ಮುಖದಲ್ಲಿ ಅದನ್ನು ನೋಡಿದ್ದು ಇದೇ ಮೊದಲು.

"ತಗೊಳ್ಳೋಣ್ವಾ ತೇತಾ?"

"ಮನಸ್ಸು ಒಪ್ಪಿತು ಅಂತ ಚಹಾ ಬಿಡೋ ಹಾಗಿಲ್ಲ" ಎಂದಳು ತಫೀದಾ. "ವೈರು ಕಿತ್ತಿಡು ಮಗನೇ. ಲೋಟ ತರಿಸು."

ಮೂರು ಲೋಟ ಮುಗಿಯಿತು. ಶುರೂಕ್ ತನ್ನ ಪಾಠಗಳನ್ನೆಲ್ಲ ಒಟ್ಟಿಗೆ ತೆರೆದಳು, ಒಂದೊಂದು ಕೀಲಿಯನ್ನೂ ಒತ್ತಿದಳು, ಮುಚ್ಚಿ ತೆರೆದು ನೋಡಿದಳು. ಯಂತ್ರ ಮಧ್ಯೆ ಒಮ್ಮೆ ಉಸಿರು ಬಿಟ್ಟಿತು, ಕೂಗಾಡಲಿಲ್ಲ. ಹೊಟ್ಟೆ ಬೆಚ್ಚಗಿತ್ತು, ಸುಡಲಿಲ್ಲ. ಬ್ಯಾಟರಿ ಸ್ವಲ್ಪವೇ ಇಳಿದಿತ್ತು. ಹುಡುಗಿ ಅದನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿ ಅಂಗಡಿಯೊಳಗೇ ನಾಲ್ಕು ಹೆಜ್ಜೆ ಹಾಕಿದಳು.

"ಭಾರ."

"ಹೊರೋಕಾಗುತ್ತಾ?"

"ಆಗುತ್ತೆ."

"ಈಗ ಬೆಲೆ ಹೇಳು" ಎಂದಳು ತಫೀದಾ.

"ನಿಮಗಿಂತ ಹೆಚ್ಚಾ ಹಾಗ್ಗಾ, ಹಾಗೇ ತಗೊಂಡು ಹೋಗಿ."

"ಬಾಯಿ ಉಪಚಾರ ಸಾಕು, ಹೇಳಪ್ಪ."

ಅವನು ಹೇಳಿದ. ಅವಳು ಒಡೆದ ಮೂಲೆಗೆ ಇಷ್ಟು ಕಡಿಮೆ ಮಾಡೆಂದಳು, ಮಾಡಿದ. ತೂಕ ಹೊರುವ ಹುಡುಗಿಯ ಹೆಗಲಿಗೆ ಇಷ್ಟು ಎಂದಳು. ನಗುತ್ತ ಅದನ್ನೂ ಮಾಡಿದ. ತಿಂಗಳೊಳಗೆ ಕೆಟ್ಟರೆ ಬದಲಾಯಿಸಿ ಕೊಡುವ ಮಾತೂ ಆಯಿತು. ಹತ್ತು ಸಾವಿರದಲ್ಲಿ ಬಸ್ಸಿಗೂ ರಾತ್ರಿಯ ಕುಶರಿ ಊಟಕ್ಕೂ ಉಳಿಯಿತು.

ಚೀಟಿ ಬರೆಯುತ್ತ ಮೀನಾ ತಲೆಯೆತ್ತಿದ. "ಸ್ಪೀಕರ್‌ಗೆ ಕಡಿಮೆ ಕೇಳ್ಲೇ ಇಲ್ಲ ನೀವು. ನಾನು ಅದಕ್ಕೇ ಹೆದರಿಕೊಂಡಿದ್ದೆ."

"ಅದಕ್ಕೆ ಯಾಕಪ್ಪ ಕಡಿಮೆ?" ಎಂದಳು ತಫೀದಾ. "ಮುಂಚೆನೇ ಹೇಳ್ದೆಯಲ್ಲ."

ವಾಪಸು ನಡೆಯುವಾಗ ಶುರೂಕ್ ಚೀಲವನ್ನು ಎದೆಗೆ ಅವಚಿಕೊಂಡು ಏನೋ ಹೇಳುತ್ತ ಹೇಳುತ್ತ ಅಜ್ಜಿಯ ಎಡಕ್ಕೆ ಬಂದುಬಿಟ್ಟಳು. ಗೊತ್ತಾದ ಕೂಡಲೇ ತಾನೇ ಬಲಕ್ಕೆ ಹೋಗಹೊರಟಳು. ತಫೀದಾ ಅವಳ ತೋಳು ಹಿಡಿದು, "ಇರ್ಲಿ ಬಿಡು" ಎಂದಳು.

ಭಾನುವಾರ ವರದಿ ಒಪ್ಪಿಸಿ ಬಂದ ಸಂಜೆ ಎಂದಿನಂತೆ ಕರೆಂಟ್ ಹೋಯಿತು. ಓಣಿಯ ಕಿಟಕಿಗಳೆಲ್ಲ ಮಬ್ಬಾದವು. ಅಡುಗೆಮನೆಯ ಮೇಜಿನ ಮೇಲೆ ಕಪ್ಪು ಯಂತ್ರವೊಂದೇ ಬೆಳಗುತ್ತಿತ್ತು. ಅದರೊಳಗಿಂದ ಒಬ್ಬ ಮೇಡಂ ಗಾಯ ಕಟ್ಟುವ ಪಾಠ ಹೇಳುತ್ತಿದ್ದರು. ಸೊಪ್ಪು ಬಿಡಿಸುತ್ತಿದ್ದ ತಫೀದಾ ತಟ್ಟೆಯನ್ನೂ ಸ್ಟೂಲನ್ನೂ ಎತ್ತಿಕೊಂಡು ಸುತ್ತು ಹಾಕಿ ಬಂದಳು, ಬಲಗಡೆ ಕೂತಳು.

"ನಿನಗೇನು ಅರ್ಥ ಆಗುತ್ತೆ ತೇತಾ ಅದು?"

"ಅರ್ಥ ಆಗದಿದ್ರೆ ಬೇಡ" ಎಂದಳು ತಫೀದಾ, ಸೊಪ್ಪಿನಿಂದ ಕಣ್ಣೆತ್ತದೆ. "ಚೆನ್ನಾಗಿ ಕೇಳ್ಸುತ್ತೆ."